ಕಿವಿ ಮೆಷಿನ್ ಕೆಟ್ಟಿಲ್ಲ, ಟ್ಯೂಬ್ ಹಳೆಯದಾಗಿದೆ

‘ಸರಿಯಾಗಿ ಕೇಳಿಸ್ತಿಲ್ಲ’, ‘ಬರೀ ಕುಂಯ್ ಅನ್ನುತ್ತೆ’ ಎಂದು ಕಿವಿ ಮೆಷಿನ್ನನ್ನು ಬೀರುವಿನೊಳಗೆ ಇಟ್ಟುಬಿಟ್ಟವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಕಿವಿಯ ಹಿಂದೆ ಕೂರುವ ಈ ಮೆಷಿನ್‌ಗಳಲ್ಲಿ ಬಹಳ ಸಲ ಕೆಟ್ಟಿರುವುದು ಒಳಗಿನ ಯಂತ್ರವಲ್ಲ. ಟ್ಯೂಬ್ ಗಟ್ಟಿಯಾಗಿರುತ್ತದೆ, ಕಿವಿಯೊಳಗೆ ಕೂರುವ ಮೌಲ್ಡ್‌ನ ತೂತಿಗೆ ಗುಗ್ಗೆ ಕಟ್ಟಿರುತ್ತದೆ, ಮೆಷಿನ್ನಿಗೂ ಟ್ಯೂಬಿಗೂ ನಡುವಿನ ಹುಕ್ ಸೀಳಿರುತ್ತದೆ, ಸೆಲ್ ಹಳತಾಗಿರುತ್ತದೆ. ಸೈಕಲ್ಲಿನ ಬ್ರೇಕ್ ರಬ್ಬರ್ ಇದ್ದ ಹಾಗೆ ಇವೆಲ್ಲ ಸವೆದಾಗ ಬದಲಾಯಿಸಲೆಂದೇ ಮಾಡಿದ ಭಾಗಗಳು.

ಬದಲಾಯಿಸುವಾಗ ಒಂದು ಗೆರೆ ಹಾಕಿಕೊಳ್ಳಬೇಕು, ಅಷ್ಟೆ. ಸೆಲ್, ಮೊದಲಿದ್ದ ಅಳತೆಯದೇ ಟ್ಯೂಬ್, ಮೊದಲಿದ್ದ ನಮೂನೆಯದೇ ಡೋಮ್ (ತುದಿಯ ಮೆತ್ತನೆಯ ಟೊಪ್ಪಿ), ವ್ಯಾಕ್ಸ್ ಗಾರ್ಡ್ (ಗುಗ್ಗೆ ತಡೆಯುವ ಜಾಲರಿ) ಇವನ್ನು ಮನೆಯವರೇ ಕೊಂಡು ಹಾಕಬಹುದು. ಮೌಲ್ಡ್, ಹುಕ್, ರಿಸೀವರ್ (ಕಿವಿಯೊಳಗೆ ಹೋಗುವ ಸ್ಪೀಕರ್), ಇನ್ನೊಂದು ನಮೂನೆಯ ಡೋಮ್ ಇವು ದನಿಯನ್ನೇ ಬದಲಿಸುವಂಥವು. ಆಡಿಯಾಲಜಿಸ್ಟ್ ಮೆಷಿನ್ನನ್ನು ಕಂಪ್ಯೂಟರಿಗೆ ಜೋಡಿಸಿ ಸೆಟ್ಟಿಂಗ್ ಮಾಡುವಾಗ ಆ ಭಾಗಗಳನ್ನೂ ಲೆಕ್ಕಕ್ಕೆ ಹಿಡಿದಿರುತ್ತಾರೆ. ಅವುಗಳಲ್ಲಿ ಒಂದನ್ನು ಕೇಳದೆ ಬದಲಿಸಿದರೆ ಸೆಟ್ಟಿಂಗೇ ಸುಳ್ಳಾಗುತ್ತದೆ.

ಭಾಗ ಹುಡುಕುವ ಮೊದಲು ನಿಮ್ಮ ಮೆಷಿನ್ ಯಾವ ಬಗೆಯದು ಎಂದು ತಿಳಿದುಕೊಳ್ಳಿ. ಮೆಷಿನ್‌ನಿಂದ ಕಿವಿಗೆ ಇಳಿಯುವ ಭಾಗವನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು. ದಪ್ಪನೆಯ ಪಾರದರ್ಶಕ ಟ್ಯೂಬ್ ಇದ್ದು, ಅದರ ತುದಿಯಲ್ಲಿ ಕಿವಿಯ ಅಚ್ಚಿನಂತೆ ಮಾಡಿದ ಮೌಲ್ಡ್ ಇದ್ದರೆ ಅದು ಹಳೆಯ ಗಟ್ಟಿಮುಟ್ಟಾದ ಬಗೆ. ಮಕ್ಕಳಿಗೆ ಮತ್ತು ಹೆಚ್ಚು ಕಿವುಡುತನ ಇರುವವರಿಗೆ ಸಾಮಾನ್ಯವಾಗಿ ಕೊಡುವುದು ಇದನ್ನೇ. ಟ್ಯೂಬ್ ತೀರ ಸಪೂರವಾಗಿದ್ದು ಒಳಗೆ ಟೊಳ್ಳಾಗಿದ್ದರೆ, ತುದಿಯಲ್ಲಿ ಅಣಬೆಯಾಕಾರದ ಮೆತ್ತನೆಯ ಡೋಮ್ ಇದ್ದರೆ ಅದು ಸ್ಲಿಮ್ ಟ್ಯೂಬ್. ಸಪೂರವಾಗಿಯೇ ಇದ್ದು ಒಳಗೆ ತಂತಿ ಕಾಣಿಸಿದರೆ ಸ್ಪೀಕರ್ ಇರುವುದು ಕಿವಿಯೊಳಗೆ ಹೋಗುವ ತುದಿಯಲ್ಲಿ. ಅದಕ್ಕೆ ರಿಸೀವರ್ ಎನ್ನುತ್ತಾರೆ. ಕೊನೆಯ ಎರಡು ಬಗೆ ದೂರದಿಂದ ಒಂದೇ ತರಹ ಕಾಣುತ್ತವೆ. ಒಂದರ ಭಾಗ ಇನ್ನೊಂದಕ್ಕೆ ಆಗುವುದಿಲ್ಲ.

ಟ್ಯೂಬ್ ಮತ್ತು ಮೌಲ್ಡ್

ಅಗ್ಗದ ಭಾಗಗಳಲ್ಲಿ ಟ್ಯೂಬ್ ಒಂದು. ಜನ ಅತಿ ಹೆಚ್ಚು ಅಲಕ್ಷ್ಯ ಮಾಡುವುದೂ ಅದನ್ನೇ. ಹೊಸದು ಗಾಜಿನಷ್ಟು ತಿಳಿಯಾಗಿರುತ್ತದೆ, ಬೆರಳಲ್ಲಿ ಒತ್ತಿದರೆ ತಗ್ಗಿ ಬಿಟ್ಟ ಕೂಡಲೇ ಮೊದಲಿನಂತಾಗುತ್ತದೆ. ಬೆವರು, ಎಣ್ಣೆ, ಮೈಯ ಬಿಸಿ ತಾಗಿ ತಾಗಿ ಕೆಲವು ತಿಂಗಳಲ್ಲಿ ಹಳದಿ ತಿರುಗುತ್ತದೆ, ಬಿರುಸಾಗುತ್ತದೆ, ಸ್ವಲ್ಪ ಕುಗ್ಗುತ್ತದೆ. ಕುಗ್ಗಿದ ಟ್ಯೂಬ್ ಮೌಲ್ಡನ್ನು ಮೇಲಕ್ಕೆ ಎಳೆಯುತ್ತದೆ. ಮೌಲ್ಡ್ ಮತ್ತು ಕಿವಿಯ ನಡುವೆ ಸಂದು ಬಿದ್ದು ದನಿ ಹೊರಗೆ ಸೋರುತ್ತದೆ. ಸೋರಿದ್ದು ಮತ್ತೆ ಮೈಕಿಗೆ ಹೋಗಿ ಶಿಳ್ಳೆಯಾಗುತ್ತದೆ. ಮೂರರಿಂದ ಆರು ತಿಂಗಳಿಗೊಮ್ಮೆ ಟ್ಯೂಬ್ ಬದಲಾಯಿಸಬೇಕು ಎನ್ನುವುದು ರೂಢಿಯ ಮಾತು. ಬೆವರು ಜಾಸ್ತಿ ಇರುವವರು ಮೂರು ತಿಂಗಳು ಎಂದೇ ಇಟ್ಟುಕೊಳ್ಳಿ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 13ನೇ ನಂಬರಿನ ಟ್ಯೂಬ್. ಅದರ ಒಳಗಿನ ರಂಧ್ರ 1.93 ಮಿ.ಮೀ. ಇದೇ ನಂಬರಿನಲ್ಲಿ ಗೋಡೆ ದಪ್ಪಗಿರುವ ‘ಥಿಕ್’ ಎಂಬುದೂ ಬರುತ್ತದೆ. ಒಳರಂಧ್ರ ಅಷ್ಟೇ, ಹೊರಗಿನ ಗಾತ್ರ ಹೆಚ್ಚು. ಹೆಚ್ಚು ಪವರ್ ಇರುವ ಮೆಷಿನ್‌ನಲ್ಲಿ ದನಿ ಟ್ಯೂಬಿನ ಗೋಡೆಯ ಮೂಲಕವೂ ಸೋರುವುದರಿಂದ ಅಂಥವಕ್ಕೆ ಥಿಕ್ ಬೇಕು. ಟ್ಯೂಬಿನೊಳಗೆ ನೀರಿನ ಹನಿ ಕಟ್ಟುವ ತೊಂದರೆ ಇರುವವರಿಗೆ ‘ಡ್ರೈ ಟ್ಯೂಬ್’ ಎಂಬುದಿದೆ. ಅದು ತುಸು ಬಿರುಸು, ಬೆಲೆಯೂ ಹೆಚ್ಚು, ಆದರೆ ಹನಿ ಅಷ್ಟು ಬೇಗ ಕಟ್ಟುವುದಿಲ್ಲ. ಮೀಟರ್ ಲೆಕ್ಕದ ನೇರ ಟ್ಯೂಬ್ ಕೊಳ್ಳಬೇಡಿ. ಮೊದಲೇ ಬಗ್ಗಿಸಿದ ತುಂಡುಗಳು ಸಿಗುತ್ತವೆ, ಅವನ್ನೇ ತನ್ನಿ. ನೇರ ಟ್ಯೂಬನ್ನು ಮನೆಯಲ್ಲಿ ಬಗ್ಗಿಸಿದರೆ ತಿರುವಿನಲ್ಲಿ ಮಡಿಕೆ ಬಿದ್ದು ದನಿಯ ದಾರಿಯೇ ಮುಚ್ಚಿಕೊಳ್ಳುತ್ತದೆ.

ಹಾಕುವ ಕೆಲಸದಲ್ಲಿ ಕೈಚಳಕ ಇರುವುದು ಉದ್ದದ ಲೆಕ್ಕದಲ್ಲಿ. ಟ್ಯೂಬ್ ಉದ್ದವಾದರೆ ಮೆಷಿನ್ ಕಿವಿಯ ಮೇಲೆ ನಿಲ್ಲದೆ ಹೊರಕ್ಕೆ ಜೋಲುತ್ತದೆ, ಗಿಡ್ಡವಾದರೆ ಮೌಲ್ಡ್ ಎದ್ದು ಬರುತ್ತದೆ. ಹಳೆಯ ಟ್ಯೂಬನ್ನು ಪಕ್ಕದಲ್ಲಿಟ್ಟು ಅಷ್ಟೇ ಉದ್ದ ಕತ್ತರಿಸುವ ಅಭ್ಯಾಸ ಹಲವರಿಗಿದೆ. ಹಳೆಯದು ಕುಗ್ಗಿರುತ್ತದೆ ಎನ್ನುವುದನ್ನು ಮರೆಯಬಾರದು. ಮೊದಲು ಒಂದಿಷ್ಟು ಉದ್ದವನ್ನೇ ಬಿಟ್ಟು, ಮೌಲ್ಡನ್ನು ಕಿವಿಯೊಳಗೆ ಕೂರಿಸಿ, ಹುಕ್ ಕಿವಿಯ ಮೇಲ್ತುದಿಗೆ ಬಂದು ಮುಟ್ಟುವ ಜಾಗವನ್ನು ಗುರುತು ಹಾಕಿಕೊಂಡು ಕತ್ತರಿಸುವುದು ಸರಿಯಾದ ಕ್ರಮ. ಕಿವಿಯೊಳಗಿನ ತುದಿಯಲ್ಲಿ ಟ್ಯೂಬ್ ಮೌಲ್ಡ್‌ನಿಂದ ಒಂದಿಷ್ಟೂ ಹೊರಚಾಚಬಾರದು, ಚರ್ಮಕ್ಕೆ ಗೀರುತ್ತದೆ. ಗಟ್ಟಿ ಅಕ್ರಿಲಿಕ್ ಮೌಲ್ಡ್ ಆದರೆ ಅದಕ್ಕೆಂದೇ ಇರುವ ಅಂಟು ಹಾಕುತ್ತಾರೆ. ಮೆತ್ತನೆಯ ಸಿಲಿಕೋನ್ ಮೌಲ್ಡ್‌ಗೆ ಅಂಟು ಹಿಡಿಯುವುದಿಲ್ಲ, ಟ್ಯೂಬ್ ಜಾರದಂತೆ ಚಿಕ್ಕ ಲಾಕ್ ಇರುವ ತುಂಡು ಬೇಕು. ಫೆವಿಕ್ವಿಕ್ ಹಾಕಿ ಮೌಲ್ಡನ್ನೇ ಹಾಳು ಮಾಡಿಕೊಂಡು ಬರುವವರು ಕಮ್ಮಿಯಿಲ್ಲ. ಮೊದಲ ಸಲ ಕ್ಲಿನಿಕ್ಕಿನಲ್ಲಿ ಹಾಕಿಸಿ, ಪಕ್ಕದಲ್ಲೇ ನಿಂತು ನೋಡಿ. ಎರಡನೆಯ ಸಲ ಅವರ ಎದುರಿಗೇ ನೀವು ಹಾಕಿ ತೋರಿಸಿ. ಆಮೇಲೆ ಮನೆಯಲ್ಲಿ ಧೈರ್ಯವಾಗಿ ಮಾಡಬಹುದು.

ಶಿಳ್ಳೆ ಎಲ್ಲಿಂದ ಬರುತ್ತಿದೆ ಎಂದು ಪತ್ತೆ ಮಾಡುವುದಕ್ಕೂ ಕ್ಲಿನಿಕ್ಕಿಗೆ ಓಡಬೇಕಿಲ್ಲ. ಮೆಷಿನ್ ಆನ್ ಮಾಡಿ, ವಾಲ್ಯೂಮ್ ಏರಿಸಿ ಅಂಗೈಯಲ್ಲಿ ಹಿಡಿಯಿರಿ, ಶಿಳ್ಳೆ ಹೊಡೆಯುತ್ತದೆ. ಈಗ ಮೌಲ್ಡ್‌ನ ತೂತನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಮುಚ್ಚಿ. ಗಾಳಿಗೆಂದು ಎರಡನೆಯ ತೂತು ಕೊರೆದಿದ್ದರೆ ಅದನ್ನೂ ಮುಚ್ಚಬೇಕು. ಶಿಳ್ಳೆ ನಿಂತರೆ ಟ್ಯೂಬ್, ಹುಕ್, ಮೆಷಿನ್ ಎಲ್ಲ ಸರಿಯಿವೆ. ಮೌಲ್ಡ್ ಕಿವಿಗೆ ಸಡಿಲವಾಗಿದೆ, ಇಲ್ಲವೇ ಕಿವಿಯೊಳಗೆ ಗುಗ್ಗೆ ತುಂಬಿದೆ. ನಿಲ್ಲದಿದ್ದರೆ ಟ್ಯೂಬನ್ನು ಹುಕ್‌ನಿಂದ ಬಿಡಿಸಿ, ಹುಕ್‌ನ ತುದಿಯನ್ನು ಮುಚ್ಚಿ. ಈಗ ನಿಂತರೆ ಟ್ಯೂಬೋ ಮೌಲ್ಡೋ ಸೋರುತ್ತಿದೆ. ಆಗಲೂ ನಿಲ್ಲದಿದ್ದರೆ ಹುಕ್ ಸೀಳಿದೆ ಅಥವಾ ದೋಷ ಮೆಷಿನ್ನಿನ ಒಳಗೇ ಇದೆ. ಶಿಳ್ಳೆಯನ್ನು ತಾವೇ ಅದುಮುವ ಹೊಸ ಡಿಜಿಟಲ್ ಮೆಷಿನ್‌ಗಳಲ್ಲಿ ಈ ಪರೀಕ್ಷೆ ಅಷ್ಟು ಸ್ಪಷ್ಟವಾಗಿ ಬರಲಿಕ್ಕಿಲ್ಲ.

ಮೌಲ್ಡ್ ವಿಷಯದಲ್ಲಿ ನನ್ನದು ಖಂಡಿತವಾದ ಅಭಿಪ್ರಾಯ: ರೆಡಿಮೇಡ್ ತುದಿ ಹಾಕಿಕೊಂಡು ಪವರ್ ಮೆಷಿನ್ ಬಳಸುವುದು ದುಡ್ಡು ದಂಡ. ಶಿಬಿರದಲ್ಲಿ ಸಿಕ್ಕ ಮೆಷಿನ್‌ಗೆ ರಬ್ಬರ್ ತುದಿ ಮಾತ್ರ ಇದ್ದರೆ ಮೊದಲ ಖರ್ಚು ಮೌಲ್ಡ್‌ಗೇ ಆಗಲಿ. ಕಿವಿಯೊಳಗೆ ದಾರ ಕಟ್ಟಿದ ಹತ್ತಿಯ ತಡೆ ಇಟ್ಟು, ಹಿಟ್ಟಿನಂಥ ವಸ್ತು ತುಂಬಿ ಅಚ್ಚು ತೆಗೆಯುತ್ತಾರೆ. ಆ ತಡೆ ಇಡದೆ ಅಚ್ಚು ತೆಗೆಯಲು ಹೊರಟವರಿಗೆ ಕಿವಿ ಕೊಡಬೇಡಿ. ದೊಡ್ಡವರ ಮೌಲ್ಡ್ ವರ್ಷಗಟ್ಟಲೆ ಬರುತ್ತದೆ. ಮಕ್ಕಳ ಕಿವಿ ಬೆಳೆಯುವುದರಿಂದ, ಅದರಲ್ಲೂ ಎಳೆಕೂಸಿಗೆ, ಕೆಲವೇ ತಿಂಗಳಿಗೆ ಹೊಸದು ಬೇಕಾಗುತ್ತದೆ. ಮೌಲ್ಡ್ ತೊಳೆಯುವಾಗ ಹುಕ್ ಮತ್ತು ಟ್ಯೂಬ್ ಸೇರುವಲ್ಲಿ ಬಿಡಿಸಿಕೊಂಡು, ಉಗುರು ಬೆಚ್ಚಗಿನ ನೀರು, ಮೆದು ಸೋಪು ಬಳಸಿ, ಸ್ಪಿರಿಟ್ ಬೇಡ. ಟ್ಯೂಬಿನೊಳಗಿನ ನೀರನ್ನು ರಬ್ಬರ್ ಬ್ಲೋವರ್‌ನಿಂದ ಊದಿ ತೆಗೆದ ಮೇಲೆಯೇ ಮೆಷಿನ್‌ಗೆ ಸೇರಿಸಬೇಕು. ಈ ಬ್ಲೋವರ್ ಒಂದು ಮನೆಯಲ್ಲಿರಲೇಬೇಕು. ಬಾಯಿಂದ ಊದಿದರೆ ತೇವ ಒಳಗೇ ಹೋಗುತ್ತದೆ.

ಹುಕ್, ಡೋಮ್, ರಿಸೀವರ್

ಹುಕ್ ನೋಡಲು ಬರೀ ಪ್ಲಾಸ್ಟಿಕ್ ಕೊಕ್ಕೆ. ಕೆಲವು ತಿರುಪಿ ಹಾಕುವಂಥವು, ಕೆಲವು ಒತ್ತಿ ಕೂರಿಸುವಂಥವು. ಒಂದು ಕಂಪನಿಯದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಮಕ್ಕಳಿಗೆ ಚಿಕ್ಕದು ಬೇರೆ ಇದೆ. ಹಲವು ಹುಕ್‌ಗಳ ಒಳಗೆ ದನಿಯ ಕರ್ಕಶ ಏರನ್ನು ತಗ್ಗಿಸಲು ಒಂದು ಪುಟ್ಟ ಫಿಲ್ಟರ್ ಇರುತ್ತದೆ. ಫಿಲ್ಟರ್ ಇದ್ದದ್ದನ್ನು ತೆಗೆದು ಇಲ್ಲದ್ದನ್ನು ಹಾಕಿದರೆ ಪಾತ್ರೆ ಸದ್ದು, ಬಾಗಿಲ ಸದ್ದು ಕಿವಿಗೆ ಹೊಡೆದ ಹಾಗೆ ಕೇಳಿಸುತ್ತದೆ. ಹಾಕಿಕೊಂಡವರು ಹೇಳಲಾರದೆ ಮೆಷಿನ್ನನ್ನೇ ಬಿಚ್ಚಿಡುತ್ತಾರೆ. ಆ ಫಿಲ್ಟರ್‌ನಲ್ಲಿ ತೇವ ನಿಂತರೆ ದನಿ ಪೂರ್ತಿ ಸತ್ತಂತಾಗುವುದೂ ಉಂಟು.

ಡೋಮ್‌ನಲ್ಲಿ ನೋಡಬೇಕಾದದ್ದು ಮೂರು: ಕಂಪನಿ, ಅಳತೆ, ನಮೂನೆ. ತೂತುಗಳಿರುವ ಓಪನ್ ಡೋಮ್ ದಪ್ಪ ದನಿ ಸರಿಯಾಗಿ ಕೇಳಿಸಿ ಸಣ್ಣ ದನಿ ಮಾತ್ರ ಕೇಳಿಸದವರಿಗೆ; ಕ್ಲೋಸ್ಡ್ ಮತ್ತು ಎರಡು ಪದರದ ಪವರ್ ಡೋಮ್ ಹೆಚ್ಚು ನಷ್ಟ ಇರುವವರಿಗೆ. ಶಿಳ್ಳೆ ಬರುತ್ತದೆಂದು ಓಪನ್ ತೆಗೆದು ಕ್ಲೋಸ್ಡ್ ಹಾಕಿದರೆ ಸ್ವಂತ ದನಿಯೇ ಕೊಡದೊಳಗಿಂದ ಬಂದಂತೆ ಕೇಳಿಸತೊಡಗುತ್ತದೆ. ‘ಎಲ್ಲ ಮೆಷಿನ್‌ಗೂ ಆಗುತ್ತದೆ’ ಎಂದು ಆನ್‌ಲೈನ್‌ನಲ್ಲಿ ಡಜನ್ ಲೆಕ್ಕದಲ್ಲಿ ಮಾರುವ ಡೋಮ್‌ಗಳನ್ನು ನಾನು ಕೊಳ್ಳುವುದಿಲ್ಲ. ತುದಿಗೆ ಬಿಗಿಯಾಗಿ ಕಚ್ಚದ ಡೋಮ್ ಮೆಷಿನ್ ತೆಗೆಯುವಾಗ ಕಿವಿಯೊಳಗೇ ಉಳಿದುಬಿಡುತ್ತದೆ. ಹಾಗಾದರೆ ಪಿನ್ನು, ಚಿಮಟ ಹಾಕಿ ಕೆದಕದೆ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.

ರಿಸೀವರ್ ಇರುವ ಮೆಷಿನ್‌ಗೆ ಇನ್ನೊಂದು ಭಾಗ ಸೇರಿಕೊಳ್ಳುತ್ತದೆ: ರಿಸೀವರ್ ಬಾಯಿಗೆ ಕೂರುವ, ಸಾಸಿವೆ ಗಾತ್ರದ ಬಿಳಿಯ ಜಾಲರಿ. ಇದೇ ವ್ಯಾಕ್ಸ್ ಗಾರ್ಡ್. ಪುಟ್ಟ ಕಡ್ಡಿಯ ಒಂದು ತುದಿ ಹಳೆಯದನ್ನು ಕಿತ್ತುಕೊಳ್ಳುತ್ತದೆ, ಇನ್ನೊಂದು ತುದಿ ಹೊಸದನ್ನು ಕೂರಿಸುತ್ತದೆ. ಮೆಷಿನ್ ಸದ್ದೇ ಮಾಡುತ್ತಿಲ್ಲ ಎಂದಾಗ ಸೆಲ್ ಆದ ಮೇಲೆ ನೋಡಬೇಕಾದದ್ದು ಇದನ್ನು. ಗಾರ್ಡ್ ಮುಗಿದಿದೆ ಎಂದು ಅದಿಲ್ಲದೆಯೇ ಹಾಕಿಕೊಂಡರೆ ಗುಗ್ಗೆ ನೇರವಾಗಿ ರಿಸೀವರ್ ಸೇರುತ್ತದೆ, ಆಗ ಖರ್ಚು ಹಲವು ಪಟ್ಟು. ರಿಸೀವರೇ ಹೋಗಿದ್ದರೆ ಎಡವೋ ಬಲವೋ, ತಂತಿಯ ಉದ್ದದ ನಂಬರ್ ಎಷ್ಟು, ಪವರ್ ಎಷ್ಟು ಇವು ಮೂರೂ ಹಳೆಯದಕ್ಕೆ ಹೊಂದಬೇಕು. ಕೆಂಪು ಗುರುತು ಬಲಕ್ಕೆ, ನೀಲಿ ಎಡಕ್ಕೆ. ಎಲ್ಲ ಕಂಪನಿಗಳೂ ಪಾಲಿಸುವ ನಿಯಮ ಇದೊಂದೇ ಇರಬೇಕು! ಇನ್ನೂ ಜೋರಾಗಿ ಕೇಳಲಿ ಎಂದು ಹೆಚ್ಚು ಪವರಿನ ರಿಸೀವರ್ ತಂದು ಸಿಕ್ಕಿಸಿದರೆ ಆಗುವುದಿಲ್ಲ. ಅದನ್ನು ಸಾಫ್ಟ್‌ವೇರ್‌ಗೆ ತಿಳಿಸಿ ಮತ್ತೆ ಸೆಟ್ ಮಾಡಬೇಕು.

ಸೆಲ್

ಕಿವಿ ಮೆಷಿನ್‌ನ ಸೆಲ್ ಜಿಂಕ್-ಏರ್ ಜಾತಿಯದು, ಗಾಳಿ ಕುಡಿದು ಕೆಲಸ ಮಾಡುತ್ತದೆ. ಮೇಲಿನ ಸ್ಟಿಕ್ಕರ್ ತೆಗೆದಾಗ ಸಣ್ಣ ತೂತುಗಳಿಂದ ಗಾಳಿ ಒಳಗೆ ಹೋಗುತ್ತದೆ. ಅದಕ್ಕೇ ಸ್ಟಿಕ್ಕರ್ ತೆಗೆದ ಮೇಲೆ ಎರಡು ಮೂರು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು. ಒಮ್ಮೆ ತೆಗೆದದ್ದನ್ನು ಮತ್ತೆ ಅಂಟಿಸಿ ಉಳಿಸಿಕೊಳ್ಳುತ್ತೇನೆ ಎಂದರೆ ಆಗದು. ಸ್ಟಿಕ್ಕರ್‌ನ ಬಣ್ಣವೇ ಅಳತೆ ಹೇಳುತ್ತದೆ: ಹಳದಿ 10, ಕಂದು 312, ಕಿತ್ತಳೆ 13, ನೀಲಿ 675. ಇವುಗಳಲ್ಲಿ 312 ಮತ್ತು 13 ಎರಡರ ಅಗಲವೂ 7.9 ಮಿ.ಮೀ., ದಪ್ಪ ಮಾತ್ರ 3.6 ಮತ್ತು 5.4. ಕಿತ್ತಳೆಯನ್ನು ಕಂದಿನ ಜಾಗಕ್ಕೆ ಒತ್ತಿದವರ ಸೆಲ್ ಬಾಗಿಲು ಮುರಿಯುವುದು ಇದರಿಂದ. ಸ್ಟಿಕ್ಕರ್ ಇದ್ದ ಚಪ್ಪಟೆ ಬದಿಯೇ ಪ್ಲಸ್. ಬಾಗಿಲು ಮೆದುವಾಗಿ ಮುಚ್ಚದಿದ್ದರೆ ಸೆಲ್ ತಿರುಗುಮುರುಗಾಗಿದೆ ಇಲ್ಲವೇ ಅಳತೆ ತಪ್ಪಿದೆ ಎಂದರ್ಥ, ಒತ್ತಬೇಡಿ.

ವಾಚ್ ಅಂಗಡಿಯಲ್ಲಿ 675 ಕೇಳಿದರೆ ‘ಇದೇ ಸೈಜು’ ಎಂದು ಎಲ್‌ಆರ್44 ಕೊಡುವುದುಂಟು. ಗಾತ್ರದಲ್ಲಿ ಅವರು ಹೇಳುವುದು ಸರಿ: ಎರಡೂ 11.6 ಮಿ.ಮೀ. ಅಗಲ, 5.4 ದಪ್ಪ. 675ರ ಇನ್ನೊಂದು ಹೆಸರು ಪಿಆರ್44, ವ್ಯತ್ಯಾಸ ಒಂದೇ ಅಕ್ಷರ. ಆದರೆ ಎಲ್‌ಆರ್ ಎನ್ನುವುದು ಆಟಿಕೆ, ಕ್ಯಾಲ್ಕುಲೇಟರಿಗೆ ಹಾಕುವ ಆಲ್ಕಲೈನ್ ಸೆಲ್. ಅದರಲ್ಲಿ ತುಂಬಿರುವ ಶಕ್ತಿ ಬಹಳ ಕಡಿಮೆ, ಬಳಸುತ್ತ ಹೋದಂತೆ ವೋಲ್ಟೇಜೂ ಇಳಿಯುತ್ತದೆ. ಸೆಲ್‌ಗೆ ತೂತೂ ಇಲ್ಲ, ಬಣ್ಣದ ಸ್ಟಿಕ್ಕರೂ ಇಲ್ಲ ಎಂದರೆ ವಾಪಸ್ ಕೊಡಿ. 675ರಲ್ಲಿಯೇ ಕಾಕ್ಲಿಯರ್ ಇಂಪ್ಲಾಂಟ್‌ಗೆಂದು ಮಾಡಿದ್ದೂ ಸಿಗುತ್ತದೆ, ಕೊಳ್ಳುವಾಗ ಕಾರ್ಡಿನ ಮೇಲೆ ಓದಿಕೊಳ್ಳಿ. ಕಾರ್ಡಿನ ಹಿಂದಿರುವ ತಾರೀಕನ್ನು ನೋಡಿಯೇ ಕೊಳ್ಳಿ. ಅಗ್ಗಕ್ಕೆ ಸಿಗುತ್ತದೆಂದು ವರ್ಷಕ್ಕಾಗುವಷ್ಟು ತಂದು ಫ್ರಿಜ್ಜಿನಲ್ಲಿಟ್ಟರೆ ಲಾಭವಿಲ್ಲ. ಹೊರತೆಗೆದಾಗ ತೇವ ಕೂರುತ್ತದೆ.

ಒಂದು ಸೆಲ್ ಎಷ್ಟು ದಿನ ಬರಬೇಕು? ಮೆಷಿನ್‌ನ ಪವರ್, ಬ್ಲೂಟೂತ್ ಬಳಕೆ ಇವುಗಳ ಮೇಲೆ ಹೋಗುತ್ತದೆ. 312 ಒಂದು ವಾರದ ಆಸುಪಾಸು, 675 ಎರಡು ವಾರದ ಆಸುಪಾಸು ಬಂದರೆ ಸರಿಯಿದೆ ಎನ್ನಬಹುದು. ಏಕಾಏಕಿ ಅರ್ಧಕ್ಕಿಳಿದರೆ ಮೊದಲು ಬೇರೆ ಕಾರ್ಡಿನ ಸೆಲ್ ಹಾಕಿ ನೋಡಿ, ಆಮೇಲೆ ಮೆಷಿನ್ ತೋರಿಸಿ. ಒಳಗೇ ಲಿಥಿಯಂ ಬ್ಯಾಟರಿ ಇರುವ ಚಾರ್ಜ್ ಮೆಷಿನ್‌ಗಳಿಗೆ ಈ ರಗಳೆಯಿಲ್ಲ. ಆದರೆ ಚಾರ್ಜರ್ ಕಳೆದರೆ ಅದೇ ಮಾಡೆಲಿನದೇ ಬೇಕು, ಮೊಬೈಲಿನ ಹಾಗೆ ಯಾವುದೋ ಒಂದು ನಡೆಯುವುದಿಲ್ಲ.

ತೇವ, ಎಣ್ಣೆ, ಮತ್ತು ಮಕ್ಕಳ ಕೈ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರು ಬೇರೇನೂ ಕೊಳ್ಳದಿದ್ದರೂ ಒಂದು ಡ್ರೈ ಬಾಕ್ಸ್ ಕೊಳ್ಳಬೇಕು. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಮಣಿಗಳು. ನೀಲಿ ಮಣಿ ಗುಲಾಬಿಗೆ ತಿರುಗಿದರೆ, ಕಿತ್ತಳೆ ಮಣಿ ಹಸಿರಿಗೆ ತಿರುಗಿದರೆ ಅದು ನೀರು ಕುಡಿದು ತುಂಬಿದೆ ಎಂದರ್ಥ. ಒಣಗಿಸಿ ಮತ್ತೆ ಬಳಸಬಹುದು ಅಥವಾ ಹೊಸ ಮಣಿ ಹಾಕಬಹುದು. ರಾತ್ರಿ ಸೆಲ್ ತೆಗೆದು, ಬಾಗಿಲು ತೆರೆದು, ಮೆಷಿನ್ ಮಾತ್ರ ಒಳಗಿಡಿ. ಸೆಲ್ಲನ್ನೂ ಅದರಲ್ಲೇ ಇಟ್ಟರೆ ಅದರೊಳಗಿನ ತೇವವೂ ಆರಿ ಬೇಗ ಮುಗಿಯುತ್ತದೆ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಮನೆಮದ್ದು ಬೇಡ, ಹಿಟ್ಟಿನ ಧೂಳು ಮೈಕಿಗೆ ಸೇರುತ್ತದೆ. ಹೇರ್ ಡ್ರೈಯರ್ ಬಿಸಿಯಂತೂ ಬೇಡವೇ ಬೇಡ.

ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ಮೆಷಿನ್ ಹಾಕಿಕೊಳ್ಳಬೇಡಿ. ಮೈಕಿನ ಸಣ್ಣ ಕಿಂಡಿ ಇರುವುದು ಕಿವಿಯ ಮೇಲ್ಭಾಗದಲ್ಲೇ, ಎಣ್ಣೆ ಇಳಿಯುವ ದಾರಿಯಲ್ಲೇ. ಐಪಿ68 ಎಂದು ಬರೆದಿದ್ದರೂ ಅದು ಬೆವರು, ಧೂಳು, ಆಕಸ್ಮಿಕ ಮಳೆಗೆ ಭರವಸೆ, ಸ್ನಾನಕ್ಕಲ್ಲ.

ಮಕ್ಕಳ ಮೆಷಿನ್‌ಗೆ ಎರಡು ಜೋಡಣೆ ಅಗತ್ಯ. ಒಂದು, ಅಂಗಿಗೆ ಸಿಕ್ಕಿಸುವ ದಾರ-ಕ್ಲಿಪ್. ಇನ್ನೊಂದು, ಮಗು ತೆರೆಯಲಾಗದಂತೆ ಲಾಕ್ ಇರುವ ಸೆಲ್ ಬಾಗಿಲು. ಹೊಸ ಮೆಷಿನ್ ಕೊಳ್ಳುವಾಗಲೇ ಇದನ್ನು ಕೇಳಿ ಹಾಕಿಸಿಕೊಳ್ಳಿ. ಮಗು ಸೆಲ್ ನುಂಗಿದರೆ, ಮೂಗಿಗೋ ಕಿವಿಗೋ ತುರುಕಿಕೊಂಡರೆ ಕಾಯಬೇಡಿ, ನೀರು ಅಥವಾ ಡ್ರಾಪ್ಸ್ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಓಡಿ. ಒಳಗೆ ಸುಟ್ಟ ಗಾಯವಾಗುತ್ತದೆ. ಕೂಸಿಗೆ ಕಟ್ಟುವ ದಪ್ಪ ಕುಲಾವಿ ಮೈಕಿಗೆ ಉಜ್ಜಿ ಶಿಳ್ಳೆ ಹೊಡೆಸುತ್ತದೆ, ತೆಳು ಬಟ್ಟೆಯದು ಒಳ್ಳೆಯದು. ಸ್ಟೆತಾಸ್ಕೋಪಿನಂತಿರುವ ‘ಸ್ಟೆಟೋಕ್ಲಿಪ್’ ಒಂದಿದ್ದರೆ ತಾಯ್ತಂದೆ ಮೆಷಿನ್ ಸದ್ದನ್ನು ತಾವೇ ಕೇಳಿ ನೋಡಬಹುದು. ಯಾವ ಭಾಗ ಬದಲಿಸಿದರೂ ಮಗುವಿನ ಬೆನ್ನ ಹಿಂದೆ ನಿಂತು ಆ, ಈ, ಊ, ಮ್, ಶ್, ಸ್ ಎಂಬ ಆರು ಸದ್ದುಗಳನ್ನು ಹೇಳಿ ಗುರುತಿಸುತ್ತದೆಯೇ ನೋಡಿ. ಡೇನಿಯಲ್ ಲಿಂಗ್ ಎಂಬವರ ಹೆಸರಿನಲ್ಲಿರುವ ಈ ಪರೀಕ್ಷೆಯನ್ನು ವಾಕ್ ಶ್ರವಣ ತಜ್ಞರು ಲೋಕದೆಲ್ಲೆಡೆ ಬಳಸುತ್ತಾರೆ. ನಿನ್ನೆವರೆಗೆ ‘ಸ್’ ಕೇಳುತ್ತಿದ್ದ ಮಗು ಹೊಸ ಟ್ಯೂಬ್ ಹಾಕಿದ ಮೇಲೆ ಕೇಳದಿದ್ದರೆ ಟ್ಯೂಬ್ ಎಲ್ಲೋ ಮಡಚಿರಬಹುದು.

ಟಿವಿ ಸ್ಟ್ರೀಮರ್, ಟೀಚರ್ ಕೊರಳಿಗೆ ಹಾಕುವ ರಿಮೋಟ್ ಮೈಕ್ ಇವೂ ಇವೆ. ಶಾಲೆಗೆ ಹೋಗುವ ಮಗುವಿಗೆ ರಿಮೋಟ್ ಮೈಕ್ ನಿಜಕ್ಕೂ ಉಪಯುಕ್ತ. ಆದರೆ ಇವು ಹೆಚ್ಚಾಗಿ ಅದೇ ಕಂಪನಿಯ ಮೆಷಿನ್ ಜೊತೆ ಮಾತ್ರ ಮಾತಾಡುತ್ತವೆ. ಮೆಷಿನ್ ಹೆಸರು ಹೇಳಿ, ಅಂಗಡಿಯಲ್ಲೇ ಜೋಡಿಸಿ ನೋಡಿ ದುಡ್ಡು ಕೊಡಿ.

ಎಲ್ಲಿ ಕೊಳ್ಳುವುದು

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಕೇಂದ್ರ ಸರ್ಕಾರದ್ದು; ಪರೀಕ್ಷೆ, ಮೌಲ್ಡ್ ತಯಾರಿಕೆ, ಮೆಷಿನ್ ರಿಪೇರಿ ಒಂದೇ ಆವರಣದಲ್ಲಿ ಆಗುತ್ತದೆ. ಬೆಂಗಳೂರಿನಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಉಳಿದ ಊರಿನವರಿಗೆ ಖಾಸಗಿ ಕ್ಲಿನಿಕ್ಕುಗಳು, ಕಂಪನಿ ಡೀಲರ್‌ಗಳು. ಕ್ಲಿನಿಕ್ಕಿನ ಆಡಿಯಾಲಜಿಸ್ಟ್‌ಗೆ 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಡಿ ನೋಂದಣಿ ಇರಬೇಕು, ಕೇಳಿದರೆ ತಪ್ಪಿಲ್ಲ. ಅಮೆರಿಕದಲ್ಲಿರುವ ಮಕ್ಕಳು ಅಪ್ಪ ಅಮ್ಮನಿಗೆ ಅಲ್ಲಿಂದಲೇ ಮೆಷಿನ್ ತಂದುಕೊಡುವ ರೂಢಿ ಈಗ ಹೆಚ್ಚಾಗಿದೆ. ಅಲ್ಲಿನ ಕೆಲವು ಮಳಿಗೆಗಳ ಮೆಷಿನ್‌ಗಳಿಗೆ ಬೀಗ ಹಾಕಿರುತ್ತಾರೆ, ಇಲ್ಲಿನ ಸಾಫ್ಟ್‌ವೇರ್‌ನಿಂದ ತೆರೆಯುವುದಿಲ್ಲ. ತರುವವರು ಎರಡು ವರ್ಷಕ್ಕಾಗುವಷ್ಟು ಡೋಮ್, ವ್ಯಾಕ್ಸ್ ಗಾರ್ಡ್‌ಗಳನ್ನೂ ಜೊತೆಗೇ ತರಲಿ.

ಮೆಷಿನ್‌ನ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಸೆಲ್ ಬಣ್ಣ, ಟ್ಯೂಬ್ ನಂಬರ್ ಅಥವಾ ರಿಸೀವರ್ ವಿವರ, ಡೋಮ್ ಅಳತೆ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಮೊಬೈಲಿನಲ್ಲಿ ಫೋಟೊ ಇಟ್ಟುಕೊಳ್ಳಿ. ಭಾಗ ತರಲು ಹೋಗುವಾಗ ಹಳೆಯ ಭಾಗವನ್ನೂ ಮೆಷಿನ್ನನ್ನೂ ಒಯ್ಯಿರಿ. ಟ್ಯೂಬೋ ಮೌಲ್ಡೋ ಬದಲಾಗುವುದಾದರೆ ಮೆಷಿನ್ ಹಾಕಿಕೊಳ್ಳುವವರನ್ನೂ ಕರೆದುಕೊಂಡೇ ಹೋಗಿ. ಅವರ ಕಿವಿ ಎದುರಿಗಿಲ್ಲದೆ ಎಷ್ಟು ಉದ್ದ ಕತ್ತರಿಸಬೇಕು ಎಂದು ಯಾವ ಆಡಿಯಾಲಜಿಸ್ಟೂ ಹೇಳಲಾರರು.